ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿಗೆ ಎರಡು ಕ್ಲಿನಿಕ್‌ಗಳಲ್ಲಿ ಯಾವುದನ್ನು ಮೇಲೆ ಬರೆಯಬೇಕು?

ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿರುವ ನೀವು ಅಮೆರಿಕದ ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿ (ಪದವಿಯ ನಂತರದ ಕುಟುಂಬ ವೈದ್ಯರ ತರಬೇತಿ) ಪ್ರೋಗ್ರಾಂ ಒಂದನ್ನು ಮೆಚ್ಚಿದ್ದೀರಿ. ಅದರಲ್ಲಿ ಎರಡು ಕ್ಲಿನಿಕ್‌ಗಳಿವೆ: ಒಂದು ಆಸ್ಪತ್ರೆಗೆ ಅಂಟಿಕೊಂಡಿರುವ ಹೊಸ ಕಟ್ಟಡದಲ್ಲಿ, ಇನ್ನೊಂದು ಬಡವರೇ ಹೆಚ್ಚಾಗಿರುವ ಬಡಾವಣೆಯ ಸಮುದಾಯ ಆರೋಗ್ಯ ಕೇಂದ್ರದಲ್ಲಿ. ಅಭ್ಯರ್ಥಿಗಳ ಮತ್ತು ಪ್ರೋಗ್ರಾಂಗಳ ಆದ್ಯತಾ ಪಟ್ಟಿಗಳನ್ನು ಹೊಂದಿಸಿ ಸೀಟು ಹಂಚುವ ಮ್ಯಾಚ್‌ ವ್ಯವಸ್ಥೆಯಲ್ಲಿ ಎರಡಕ್ಕೂ ಬೇರೆ ಬೇರೆ ಕೋಡ್ ಇರುವುದರಿಂದ ಯಾವುದನ್ನು ಮೇಲೆ ಬರೆಯಲಿ ಎಂದು ಕೇಳಿದ್ದೀರಿ. ನಾನು ಇಂತಹ ಸಮುದಾಯ ಕೇಂದ್ರವೊಂದರಲ್ಲಿ ರೆಸಿಡೆನ್ಸಿ ಮುಗಿಸಿ, ಈಗ ಆಸ್ಪತ್ರೆಯೊಂದರ ಕ್ಲಿನಿಕ್ಕಿನಲ್ಲಿ ರೆಸಿಡೆಂಟ್‌ಗಳಿಗೆ ಪ್ರಿಸೆಪ್ಟರ್ (ಮೇಲ್ವಿಚಾರಣೆ ಮಾಡಿ ಕಲಿಸುವ ವೈದ್ಯರು) ಆಗಿರುವುದರಿಂದ ಎರಡೂ ಬಗೆಯ ಕ್ಲಿನಿಕ್‌ಗಳನ್ನು ಒಳಗಿನಿಂದ ನೋಡಿದ್ದೇನೆ.

ಮೂರು ವರ್ಷಗಳ ಈ ತರಬೇತಿಯಲ್ಲಿ ವಾರ್ಡು, ಹೆರಿಗೆ ವಿಭಾಗ, ಮಕ್ಕಳ ವಿಭಾಗ, ತುರ್ತು ಚಿಕಿತ್ಸೆ ಎಲ್ಲವೂ ಬಂದು ಹೋಗುತ್ತವೆ. ಮೊದಲ ವರ್ಷದಿಂದ ಕೊನೆಯವರೆಗೂ ನಿಮ್ಮೊಂದಿಗೆ ಉಳಿಯುವುದು ಕ್ಲಿನಿಕ್ ಮಾತ್ರ. ತರಬೇತಿಗೆ ಮಾನ್ಯತೆ ನೀಡುವ ಎಸಿಜಿಎಂಇ ಸಂಸ್ಥೆಯು ಹಿಂದೆ ಪ್ರತಿಯೊಬ್ಬ ರೆಸಿಡೆಂಟ್ ಕ್ಲಿನಿಕ್ಕಿನಲ್ಲಿ ಕನಿಷ್ಠ 1650 ಭೇಟಿಗಳನ್ನು ಪೂರೈಸಬೇಕೆಂದು ವಿಧಿಸಿತ್ತು. 2023ರ ಜುಲೈನಲ್ಲಿ ಜಾರಿಗೆ ಬಂದ ನಿಯಮಗಳಲ್ಲಿ ಆ ಎಣಿಕೆಯನ್ನು ಕೈಬಿಟ್ಟು 1000 ಗಂಟೆಗಳ ಆರೈಕೆ ಎಂಬ ಅಳತೆಯನ್ನು ತಂದಿದ್ದಾರೆ. ಈ ಗಂಟೆಗಳನ್ನು ಎರಡೂ ಕ್ಲಿನಿಕ್‌ಗಳು ಹೇಗೂ ತುಂಬಿಸಿಕೊಡುತ್ತವೆ. ಆದ್ದರಿಂದ ಸಂದರ್ಶನದಲ್ಲಿ ಅರ್ಧ ದಿನಕ್ಕೆ ಎಷ್ಟು ರೋಗಿಗಳು ಎಂದು ಕೇಳುವುದಕ್ಕಿಂತ, ಬರುವವರು ನಿಮ್ಮ ರೋಗಿಗಳೇ ಆಗಿರುತ್ತಾರೆಯೇ ಎಂದು ಕೇಳುವುದು ಲೇಸು.

ನನ್ನ ದೃಷ್ಟಿಯಲ್ಲಿ ನಿರ್ಧಾರವೆಲ್ಲ ಇದರ ಮೇಲೆಯೇ ನಿಂತಿದೆ. ಇಂದು ಇನ್ಸುಲಿನ್ ಆರಂಭಿಸಿದ ಮಹಿಳೆ ಮೂರು ತಿಂಗಳ ನಂತರ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟದ) ಪರೀಕ್ಷೆಗೆ ಬಂದಾಗ ಸ್ವಾಗತ ಮೇಜಿನವರು ಖಾಲಿ ಇರುವ ಬೇರೊಬ್ಬ ರೆಸಿಡೆಂಟ್ ಬಳಿ ಕಳುಹಿಸಿದರೆ, ನೀವು ಕೊಟ್ಟ ಪ್ರಮಾಣ ಸರಿಯಾಗಿತ್ತೇ, ಅವರು ಅದನ್ನು ನಿಜವಾಗಿ ತೆಗೆದುಕೊಂಡರೇ ಎಂಬುದು ನಿಮಗೆ ಎಂದಿಗೂ ತಿಳಿಯುವುದಿಲ್ಲ. ತಿಳಿಯದಿದ್ದರೆ ಕಲಿಕೆಯೂ ಆಗುವುದಿಲ್ಲ. ಹಾಗಾಗಿ ಕ್ಲಿನಿಕ್ಕಿನವರು ಕಂಟಿನ್ಯುಯಿಟಿಯನ್ನು, ಅಂದರೆ ರೋಗಿ ಎಷ್ಟು ಬಾರಿ ತಮ್ಮದೇ ವೈದ್ಯರನ್ನು ಕಾಣುತ್ತಾರೆ ಎಂಬುದನ್ನು ಅಳೆಯುತ್ತಾರೆಯೇ, ಅಳೆಯುತ್ತಿದ್ದರೆ ಕಳೆದ ವರ್ಷದ ಅಂಕಿ ಎಷ್ಟು ಎಂದು ನೇರವಾಗಿ ಕೇಳಿ. ಉತ್ತರ ಕೂಡಲೇ ಬಂದರೆ ಅವರಿಗೆ ಅದರ ಬಗ್ಗೆ ಕಾಳಜಿಯಿದೆ ಎಂದರ್ಥ. ಅಂಕಿ ಹೇಳದೆ ‘ನಮ್ಮದು ಒಂದು ಕುಟುಂಬವಿದ್ದಂತೆ’ ಎಂದು ಹೇಳಿದರೆ ನಿಮಗೆ ಉತ್ತರ ಸಿಕ್ಕಿಲ್ಲ. ಮೂರನೆಯ ವರ್ಷದವರು ಹೊರಡುವಾಗ ಅವರ ರೋಗಿಗಳನ್ನು ಹೊಸಬರಿಗೆ ಹೇಗೆ ವಹಿಸಿಕೊಡುತ್ತಾರೆ, ರೊಟೇಶನ್ (ವಿಭಾಗಗಳ ಸರದಿ) ಪಟ್ಟಿಯನ್ನು ಕ್ಲಿನಿಕ್ ದಿನಗಳಿಗೆ ಹೊಂದಿಸುತ್ತಾರೋ ಅಥವಾ ರೊಟೇಶನ್‌ಗಳ ನಡುವೆ ಉಳಿದ ಸಂದಿಗೊಂದಿಗಳಲ್ಲಿ ಕ್ಲಿನಿಕ್ಕನ್ನು ತುರುಕುತ್ತಾರೋ ಎಂಬುದನ್ನೂ ವಿಚಾರಿಸಿ.

ಎರಡನೆಯದಾಗಿ, ನೀವು ಇಲ್ಲದ ದಿನ ನಿಮ್ಮ ಇನ್‌ಬಾಸ್ಕೆಟ್‌ (ರೋಗಿಗಳ ವರದಿ, ಸಂದೇಶಗಳು ಬಂದು ಸೇರುವ ಕಂಪ್ಯೂಟರ್ ಪೆಟ್ಟಿಗೆ) ಅನ್ನು ಯಾರು ನೋಡುತ್ತಾರೆ? ರಾತ್ರಿಪಾಳಿಯ ವಾರದಲ್ಲಿಯೂ ಪೊಟ್ಯಾಸಿಯಂ ಹೆಚ್ಚಾದ ವರದಿ, ಔಷಧಿ ಮುಗಿದಿದೆ ಎಂಬ ಸಂದೇಶ, ವಿಮಾ ಕಂಪನಿಯ ಪೂರ್ವಾನುಮತಿ ಅರ್ಜಿ, ಗಾಲಿಕುರ್ಚಿಗೆ ಸಹಿ ಬೇಕೆಂಬ ನಮೂನೆ ಇವೆಲ್ಲ ಬರುತ್ತಲೇ ಇರುತ್ತವೆ. ತಂಡಕ್ಕೆ ಮೀಸಲಾದ ನರ್ಸ್ ಇದ್ದು ಅರ್ಧದಷ್ಟನ್ನು ಅವರೇ ವಿಲೇವಾರಿ ಮಾಡುವ ಕ್ಲಿನಿಕ್‌ಗೂ, ಎಲ್ಲವೂ ನಿಮ್ಮ ಹೆಸರಿನಲ್ಲಿಯೇ ಕಾಯುತ್ತಿರುವ ಕ್ಲಿನಿಕ್‌ಗೂ ಬದುಕಿನಲ್ಲಿ ಬಹಳ ವ್ಯತ್ಯಾಸವಾಗುತ್ತದೆ. ಇದನ್ನು ನಿರ್ದೇಶಕರಲ್ಲಿ ಕೇಳಬೇಡಿ, ಎರಡನೆಯ ವರ್ಷದ ರೆಸಿಡೆಂಟ್‌ಗಳಲ್ಲಿ ಕೇಳಿ. ಅವಕಾಶ ಸಿಕ್ಕರೆ ಮೆಡಿಕಲ್ ಅಸಿಸ್ಟೆಂಟ್ ಒಬ್ಬರನ್ನು ಮಾತನಾಡಿಸಿ, ಇಲ್ಲಿ ಎಷ್ಟು ಕಾಲದಿಂದ ಇದ್ದೀರಿ ಎಂದು ಕೇಳಿ. ಎಲ್ಲರೂ ಹೊಸಬರೇ ಆಗಿದ್ದರೆ ಏಕೆಂದು ಯೋಚಿಸಿ. ಪ್ರಿಸೆಪ್ಟರ್ ಕೋಣೆಯನ್ನೂ ನೋಡಿ. ನಾಲ್ವರು ರೆಸಿಡೆಂಟ್‌ಗಳಿಗೆ ಒಬ್ಬ ಪ್ರಿಸೆಪ್ಟರ್ ಇರಬೇಕೆಂಬುದು ನಿಯಮ. ಆದರೆ ಆ ಒಬ್ಬರು ತಮ್ಮದೇ ರೋಗಿಗಳ ನೋಟ್ಸ್ ಟೈಪ್ ಮಾಡುತ್ತ ತಲೆಯಾಡಿಸುತ್ತಾರೋ, ಇಲ್ಲವೇ ಎದ್ದು ನಿಮ್ಮೊಂದಿಗೆ ಕೋಣೆಯೊಳಗೆ ಬಂದು ಮೊಣಕಾಲನ್ನು ತಾವೂ ಮುಟ್ಟಿ ನೋಡುತ್ತಾರೋ ಎಂಬುದು ಯಾವ ನಿಯಮದಲ್ಲಿಯೂ ಕಾಣುವುದಿಲ್ಲ.

ಇನ್ನು ಸಮುದಾಯ ಕೇಂದ್ರದ ಮಾತು. ನಮ್ಮ ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ ಚೀಟಿ ಹಿಡಿದು ನಿಂತ ಸಾಲನ್ನು ಕರಗಿಸಿ ಅಭ್ಯಾಸವಾದವರಿಗೆ ಇಪ್ಪತ್ತು ನಿಮಿಷದ ಭೇಟಿ ಧಾರಾಳವೆನಿಸಬಹುದು, ಆದರೆ ಅಲ್ಲಿ ಅದು ಸಾಲುವುದಿಲ್ಲ. ಭೂತಾನಿನಿಂದ ನಿರಾಶ್ರಿತರಾಗಿ ಬಂದ ಅಜ್ಜನೊಬ್ಬರು ನನ್ನ ಬಳಿ ಬರುತ್ತಿದ್ದರು. ನೇಪಾಳಿ ದುಭಾಷಿ ಫೋನಿನ ಸ್ಪೀಕರಿನಲ್ಲಿ, ಮೊಮ್ಮಗಳು ಪಕ್ಕದ ಕುರ್ಚಿಯಲ್ಲಿ, ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದ ತುಂಬ ಮಾತ್ರೆ. ಒಂದೇ ರಕ್ತದೊತ್ತಡದ ಮಾತ್ರೆ ಎರಡು ಹೆಸರಿನ ಬಾಟಲಿಗಳಲ್ಲಿದ್ದುದನ್ನು ಬೇರ್ಪಡಿಸುವಷ್ಟರಲ್ಲಿಯೇ ಸಮಯ ಮುಗಿದಿರುತ್ತಿತ್ತು. ಇಂತಹ ಕೆಲಸದಲ್ಲಿ ಆದಾಯಕ್ಕೆ ತಕ್ಕ ಶುಲ್ಕ, ಅದೇ ಕಟ್ಟಡದ ರಿಯಾಯಿತಿ ದರದ ಔಷಧಾಲಯ, ಕರೆದರೆ ಬರುವ ಮನಶ್ಶಾಸ್ತ್ರಜ್ಞ, ದಂತವೈದ್ಯ ಇವು ಇದ್ದರೆ ನೀವು ಬರೆದ ಚೀಟಿ ಔಷಧಿಯಾಗಿ ರೋಗಿಯ ಕೈ ಸೇರುತ್ತದೆ. ಒಪಿಯಾಯ್ಡ್ ವ್ಯಸನಕ್ಕೆ ಬ್ಯುಪ್ರೆನಾರ್ಫಿನ್ ಔಷಧಿ ಬರೆಯಲು ಬೇಕಾಗಿದ್ದ ಪ್ರತ್ಯೇಕ ಅನುಮತಿಯನ್ನು 2022ರ ಡಿಸೆಂಬರ್ ಕೊನೆಯಲ್ಲಿ ತೆಗೆದುಹಾಕಿದ ಮೇಲೆ ಆ ಚಿಕಿತ್ಸೆಯನ್ನೂ ಅಲ್ಲಿ ಚೆನ್ನಾಗಿ ಕಲಿಯಬಹುದು. ಕೀಲಿನ ಇಂಜೆಕ್ಷನ್, ಚರ್ಮದ ಬಯಾಪ್ಸಿ, ಐಯುಡಿ (ಗರ್ಭನಿರೋಧಕ ಸಾಧನ) ಅಳವಡಿಕೆ ಮುಂತಾದ ಪ್ರೊಸೀಜರ್‌ಗಳ ಸಂಖ್ಯೆ ಮಾತ್ರ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಬದಲಾಗುತ್ತದೆ. ಹಿಂದಿನ ಬ್ಯಾಚಿನವರ ದಾಖಲೆ ತೋರಿಸಿ ಎಂದರೆ ತೋರಿಸುತ್ತಾರೆ.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. 2010ರ ಆರೋಗ್ಯ ಕಾಯ್ದೆಯಡಿ ಆರಂಭವಾದ ಟೀಚಿಂಗ್ ಹೆಲ್ತ್ ಸೆಂಟರ್ ಯೋಜನೆಯಿಂದ ಸಂಬಳ ಬರುವ ಸೀಟುಗಳಿದ್ದರೆ, ಅಮೆರಿಕದ ಸಂಸತ್ತು ಆ ಅನುದಾನವನ್ನು ಅಲ್ಪಾವಧಿಗಳಿಗೆ ವಿಸ್ತರಿಸುತ್ತ ಬಂದಿದೆ ಎಂಬುದು ನೆನಪಿರಲಿ. ಅನುದಾನ ತಡವಾದರೆ ಸಂಬಳಕ್ಕೆ ಯಾರು ಹೊಣೆ ಎಂದು ಕೇಳುವುದು ಅಸಭ್ಯತೆಯಲ್ಲ. ವೀಸಾ ವಿಷಯದಲ್ಲಿ, ನಿಮ್ಮ ಉದ್ಯೋಗದಾತ ಆಸ್ಪತ್ರೆಯೋ ಆರೋಗ್ಯ ಕೇಂದ್ರವೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ, ಏಕೆಂದರೆ ಎಚ್-1ಬಿ ಉದ್ಯೋಗ ವೀಸಾದ ಅರ್ಜಿ ಸಲ್ಲಿಸಬೇಕಾದವರು ಅವರೇ, ಮತ್ತು ಅದಕ್ಕೆ ಯುಎಸ್‌ಎಂಎಲ್‌ಇ ಸ್ಟೆಪ್ 3 ಪರವಾನಗಿ ಪರೀಕ್ಷೆ ಮೊದಲೇ ಮುಗಿದಿರಬೇಕು. ಜೆ-1 ವಿನಿಮಯ ವೀಸಾ ಆದರೆ ತರಬೇತಿಯ ನಂತರ ಎರಡು ವರ್ಷ ಭಾರತಕ್ಕೆ ಮರಳುವ ಷರತ್ತು ಅನ್ವಯಿಸುತ್ತದೆ; ಅದರಿಂದ ವಿನಾಯಿತಿ ಪಡೆಯಲು ಅನೇಕರು ಆರಿಸಿಕೊಳ್ಳುವ, ಪ್ರತಿ ರಾಜ್ಯಕ್ಕೆ ವರ್ಷಕ್ಕೆ 30 ಸ್ಥಾನಗಳ ಕಾನ್ರಾಡ್ ಯೋಜನೆಯಲ್ಲಿ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ಸಮುದಾಯ ಕೇಂದ್ರದಲ್ಲಿ ತರಬೇತಿ ಪಡೆದರೆ ಆ ಮೂರು ವರ್ಷ ತೀರಿದಂತೆ ಎಂದು ನಮ್ಮವರಲ್ಲಿ ಕೆಲವರು ನಂಬಿದ್ದಾರೆ. ತೀರುವುದಿಲ್ಲ; ಆ ಲೆಕ್ಕ ರೆಸಿಡೆನ್ಸಿ ಮುಗಿದ ಮೇಲಿನ ಉದ್ಯೋಗದಿಂದ ಶುರುವಾಗುತ್ತದೆ.

ನೀವು ಹೇಳಿರುವಷ್ಟರಿಂದ ನೋಡಿದರೆ ನಾನಾಗಿದ್ದರೆ ಸಮುದಾಯ ಕೇಂದ್ರವನ್ನು ಮೇಲೆ ಬರೆಯುತ್ತಿದ್ದೆ, ಆದರೆ ಅಲ್ಲಿನ ಕಂಟಿನ್ಯುಯಿಟಿ ಮತ್ತು ಇನ್‌ಬಾಸ್ಕೆಟ್ ಕುರಿತ ಉತ್ತರಗಳು ತೃಪ್ತಿಕರವಾಗಿದ್ದರೆ ಮಾತ್ರ. ಇಲ್ಲದಿದ್ದರೆ ಆಸ್ಪತ್ರೆಯ ಕ್ಲಿನಿಕ್ ಮೇಲೆ ಹೋಗಲಿ. ಸುಲಭವಾಗಿ ಸೀಟು ಸಿಗಬಹುದಾದದ್ದನ್ನು ಮೇಲೆ ಬರೆಯುವ ಜಾಣತನ ಬೇಡ. ಮ್ಯಾಚ್‌ನ ಲೆಕ್ಕಾಚಾರ ಅಭ್ಯರ್ಥಿಯ ಪಟ್ಟಿಯಿಂದ ಆರಂಭವಾಗುವುದರಿಂದ, ಮನಸ್ಸಿನಲ್ಲಿರುವ ಕ್ರಮವನ್ನೇ ಬರೆದರೆ ನಷ್ಟವಿಲ್ಲ. ಈ ಪ್ರೋಗ್ರಾಂ ನಿಜವಾಗಿಯೂ ನಿಮ್ಮ ಮೊದಲ ಆಯ್ಕೆಯಾಗಿದ್ದರೆ ಎರಡೂ ಕೋಡ್‌ಗಳನ್ನು ಒಂದರ ಕೆಳಗೊಂದು ಹಾಕಿ, ಮತ್ತು ಮ್ಯಾಚ್ ಆದ ನಂತರ ಒಂದು ಕ್ಲಿನಿಕ್ಕಿನಿಂದ ಇನ್ನೊಂದಕ್ಕೆ ಬದಲಾಯಿಸುವ ಅವಕಾಶವಿದೆಯೇ ಎಂಬುದನ್ನು ಪಟ್ಟಿ ಸಲ್ಲಿಸುವ ಮೊದಲೇ ಪ್ರೋಗ್ರಾಂ ಕೋಆರ್ಡಿನೇಟರ್‌ಗೆ ಇಮೇಲ್ ಬರೆದು ಕೇಳಿಕೊಳ್ಳಿ.