ಅಪ್ಪ ಹೊರಗೆ ಕೂತಿರಲಿ, ಹುಡುಗ ಒಳಗೆ ಬರಲಿ

ಪಿಯುಸಿ ಆದಮೇಲೆ ಏನು ಓದುವುದು ಎಂದು ಕೇಳಿ ಬಂದ ಮೂರು ಪತ್ರಗಳಿಗೆ ಈ ಸಲ ಉತ್ತರ. ಉತ್ತರ ಕೊಟ್ಟವರು ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಪಿಯು ಕಾಲೇಜುಗಳಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಉಪನ್ಯಾಸಕಿ.

ಪ್ರಶ್ನೆ: ಮೇಡಂ, ನಾನು ಚಿಂತಾಮಣಿ ತಾಲ್ಲೂಕಿನ ಒಂದು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಸೆಕೆಂಡ್ ಪಿಯು ಸೈನ್ಸ್‌ನ 62 ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಮುಂದಿನ ಓದಿನ ಬಗ್ಗೆ ಮಾತಾಡಿ ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ. ಕೇಳಿದರೆ ಅರ್ಧ ಜನ ‘ಕಂಪ್ಯೂಟರ್ ಸೈನ್ಸ್ ಸರ್’ ಅಂತಾರೆ. ಉಳಿದವರು ‘ನೀವೇ ಹೇಳಿ ಸರ್’ ಅಂತಾರೆ. ಅಪ್ಪನ ಜೊತೆ ಬಂದ ಹುಡುಗ ಬಾಯೇ ಬಿಡುವುದಿಲ್ಲ. ನನಗೂ ಎಲ್ಲ ಕೋರ್ಸ್‌ಗಳ ವಿಚಾರ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಷ್ಟ್ರೇ, ಕೋರ್ಸ್‌ಗಳ ಪಟ್ಟಿ ಬಾಯಿಪಾಠ ಮಾಡಲು ಹೋಗಬೇಡಿ. ಅದು ಫೋನಿನಲ್ಲಿ ಸಿಗುತ್ತದೆ. ಲೆಕ್ಕ ತಪ್ಪಿದಾಗ ಯಾವ ಹುಡುಗ ಅಳಿಸಿ ಮತ್ತೆ ಕೂರುತ್ತಾನೆ, ಯಾವನು ಪಕ್ಕದವನ ಪುಸ್ತಕ ನೋಡುತ್ತಾನೆ ಅಂತ ನಿಮಗೆ ಎರಡು ವರ್ಷದಿಂದ ಗೊತ್ತು. ದುಡ್ಡು ಕೊಟ್ಟು ಹೊರಗಿಂದ ಕರೆಸುವವರಿಗೆ ಅದು ಗೊತ್ತಿರುವುದಿಲ್ಲ.

‘ಮುಂದೆ ಏನಾಗ್ತೀಯಪ್ಪಾ?’ ಅಂತ ಮಾತ್ರ ಕೇಳಬೇಡಿ. ಹದಿನೇಳು ವರ್ಷದ ಮಗು ಆ ಪ್ರಶ್ನೆಗೆ ಯಾರೋ ಹೇಳಿಕೊಟ್ಟದ್ದನ್ನೇ ಹೇಳುತ್ತದೆ. ಹೋದ ಭಾನುವಾರ ಏನು ಮಾಡಿದೆ ಅಂತ ಕೇಳಿ. ಪರೀಕ್ಷೆ ಹತ್ತಿರ ಬಂದಾಗ ಮೊದಲು ತೆಗೆಯುವ ಪುಸ್ತಕ ಯಾವುದು, ಕೊನೆಗೆ ಉಳಿಸುವುದು ಯಾವುದು? ಮನೆಯಲ್ಲಿ ಜಾಸ್ತಿ ಓದಿದವರು ಯಾರು? ಫೀಸು ಕಟ್ಟುವವರು ಯಾರು, ಅಪ್ಪನೋ ಮಾವನೋ? ಬೆಂಗಳೂರಿಗೆ ದಿನಾ ಓಡಾಡಬೇಕೋ, ಹಾಸ್ಟೆಲೋ? ಇಂಥ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ.

ಇದನ್ನು ನಾನು ಕಲಿತದ್ದು ಒಬ್ಬ ಹುಡುಗನ ಖರ್ಚಿನಲ್ಲಿ. ಶ್ರೀನಿವಾಸಪುರ ಕಡೆಯವನು, ಪಿಸಿಎಂಬಿ, ಅಂದರೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ತಗೊಂಡಿದ್ದ. ಗಣಿತದಲ್ಲಿ ಚುರುಕು. ಐದೇ ನಿಮಿಷ ಮಾತಾಡಿ ‘ಇಂಜಿನಿಯರಿಂಗ್ ಸೇರು’ ಅಂದುಬಿಟ್ಟೆ. ಮೂರನೇ ಸೆಮಿಸ್ಟರ್‌ಗೆ ಬಿಟ್ಟು ಊರಿಗೆ ಬಂದ. ಆಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ತಿಳಿಯಿತು, ಅವನು ಚಿಕ್ಕ ಹುಡುಗನಾಗಿದ್ದಾಗಿಂದ ತಾತನ ಜೊತೆ ಕೂತು ಮಾವಿನ ಗಿಡಕ್ಕೆ ಕಸಿ ಕಟ್ಟುತ್ತಿದ್ದನಂತೆ. ಯಾವ ಕಡ್ಡಿ ಹಿಡಿಯುತ್ತದೆ, ಯಾವುದು ಒಣಗುತ್ತದೆ ಅಂತ ನನಗೇ ಅರ್ಧ ಗಂಟೆ ಪಾಠ ಮಾಡಿದ. ತೋಟಗಾರಿಕೆ ಕಾಲೇಜು ಕೋಲಾರದ ಟಮಕದಲ್ಲೇ ಇತ್ತು, ಅವನ ಹತ್ತಿರ ಜೀವಶಾಸ್ತ್ರವೂ ಇತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ಹಾಗಾಗಿ ಮೊದಲ ಹತ್ತು ನಿಮಿಷ ಹುಡುಗ ಒಬ್ಬನೇ ಒಳಗೆ ಬರಲಿ. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿರಲಿ. ನಿಮ್ಮ ಕಡೆ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುವವರು ಜಾಸ್ತಿ ಅಲ್ವಾ? ನಿಮಗೆ ಬಂದರೆ ತೆಲುಗಿನಲ್ಲೇ ಮಾತಾಡಿ. ಕ್ಲಾಸಿನಲ್ಲಿ ಎರಡು ವರ್ಷ ತುಟಿ ಬಿಚ್ಚದ ಹುಡುಗಿ ಮನೆಮಾತು ಕೇಳಿದ ತಕ್ಷಣ ಗಳಗಳ ಮಾತಾಡಿದ್ದನ್ನು ನೋಡಿದ್ದೇನೆ.

ಆಮೇಲೆ ಅಪ್ಪನನ್ನು ಕರೆಯಿರಿ. ಅವರನ್ನು ವಿರೋಧಿ ಅಂದುಕೊಳ್ಳಬೇಡಿ. ಸಾವಿರ ಅಡಿ ಕೊರೆಸಿ ನೀರು ಬಾರದ ಬೋರ್‌ವೆಲ್‌ಗೆ ದುಡ್ಡು ಸುರಿದವರು ಅವರು. ಟೊಮೆಟೊ ರೇಟು ಬಿದ್ದ ದಿನ ಬಾಡಿಗೆಯೂ ಹುಟ್ಟದೆ ಮಂಡಿಯಿಂದ ಬರಿಗೈಲಿ ಬಂದವರು. ಮಗ ಈ ಮಣ್ಣಿಗೆ ಬೀಳುವುದು ಬೇಡ ಅನ್ನುವುದು ಅವರ ಭಯ. ಅಂಥವರ ಮುಂದೆ ‘ಬಿಎಸ್ಸಿ ಅಗ್ರಿ ಚೆನ್ನಾಗಿದೆ’ ಅಂದರೆ ಬೈದ ಹಾಗೆ ಕೇಳುತ್ತದೆ. ಅಗ್ರಿ ಓದಿದವರು ಕೃಷಿ ಇಲಾಖೆಯ ಅಧಿಕಾರಿಯಾಗಬಹುದು, ಬ್ಯಾಂಕಿನಲ್ಲಿ ಕೃಷಿ ಫೀಲ್ಡ್ ಆಫೀಸರ್ ಹುದ್ದೆಗೆ ಪರೀಕ್ಷೆ ಬರೆಯಬಹುದು, ಬೀಜದ ಕಂಪನಿ ಸೇರಬಹುದು ಅಂತ ಬಿಡಿಸಿ ಹೇಳಿ. ಕೃಷಿ ಕಾಲೇಜು ನಿಮ್ಮ ಚಿಂತಾಮಣಿಯಲ್ಲೇ ಇದೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು ಪಕ್ಕದಲ್ಲಿಟ್ಟುಕೊಂಡು, ರೇಷ್ಮೆಯಲ್ಲೂ ಡಿಗ್ರಿ ಇದೆ ಅಂತ ಗೊತ್ತಿಲ್ಲದ ಮನೆಗಳು ಎಷ್ಟೋ. ಒಂದು ಎಚ್ಚರ. ಕೃಷಿ, ತೋಟಗಾರಿಕೆ, ಪಶುವೈದ್ಯಕ್ಕೆ ಜೀವಶಾಸ್ತ್ರ ಬೇಕೇಬೇಕು. ಜೀವಶಾಸ್ತ್ರದ ಬದಲು ಕಂಪ್ಯೂಟರ್ ತಗೊಂಡ ಪಿಸಿಎಂಸಿ ಹುಡುಗನಿಗೆ ಆ ಬಾಗಿಲು ಮುಚ್ಚಿದೆ. ರೈತರ ಮಕ್ಕಳಿಗೆ ಇವುಗಳಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಅದರ ದಿನಾಂಕ ತಪ್ಪಿಸಿಕೊಂಡವರು ಪ್ರತಿ ವರ್ಷ ಸಿಗುತ್ತಾರೆ.

ಇನ್ನು ಕಂಪ್ಯೂಟರ್ ಸೈನ್ಸ್. ಬೇಡ ಅನ್ನಬೇಡಿ. ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯು ವೆಬ್‌ಸೈಟಿನಲ್ಲಿ ಸಿಲಬಸ್ ಇದೆ, ತೆಗೆದು ಜೊತೆಗೆ ಓದಿ. ಮೊದಲ ವರ್ಷ ಮತ್ತೆ ಗಣಿತವೇ ಎದುರಾಗುತ್ತದೆ ಅಂತ ನೋಡಿದ ಮೇಲೆ ಕೆಲವರು ತಾವಾಗಿಯೇ ಬಿಸಿಎ, ಬಿಎಸ್ಸಿ ಬಗ್ಗೆ ಕೇಳುತ್ತಾರೆ. ಕೆಲವರ ಕಣ್ಣು ಇನ್ನೂ ಅರಳುತ್ತದೆ. ಅವರನ್ನು ತಡೆಯಬೇಡಿ.

ಮೊದಲ ಸಲ ಕೂತಾಗ ಏನನ್ನೂ ತೀರ್ಮಾನ ಮಾಡಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದುಕೊಳ್ಳಿ. ಆ ಕೋರ್ಸ್ ಈಗ ಓದುತ್ತಿರುವ ನಿಮ್ಮ ಹಳೇ ವಿದ್ಯಾರ್ಥಿ ಒಬ್ಬನ ನಂಬರ್ ಕೊಟ್ಟು, ಮಾತಾಡಿ ಬಾ ಅನ್ನಿ. ವಾರ ಬಿಟ್ಟು ಮತ್ತೆ ಕರೆಯಿರಿ. ಫೋನ್ ಮಾಡದೇ ಬಂದವನ ಆಸೆ ಎಷ್ಟು ಗಟ್ಟಿ ಅಂತ ನಿಮಗೇ ತಿಳಿಯುತ್ತದೆ. 62 ಮಕ್ಕಳು, ಎರಡೆರಡು ಸಲ. ದಿನಕ್ಕೆ ನಾಲ್ಕು ಮಕ್ಕಳಂತೆ ದಸರಾ ಕಳೆದ ಮೇಲೆ ಶುರು ಮಾಡಿದರೆ ಪರೀಕ್ಷೆಗೆ ಮುಂಚೆ ಆರಾಮಾಗಿ ಮುಗಿಯುತ್ತದೆ.

ಆದರೆ ಮಕ್ಕಳು ನಿಜವಾಗಿ ಸೀಟು ಕಳೆದುಕೊಳ್ಳುವುದು ಈ ಮಾತುಕತೆಯಲ್ಲಲ್ಲ, ಅರ್ಜಿ ತುಂಬಿಸುವ ಸೈಬರ್ ಸೆಂಟರಿನಲ್ಲಿ. ಅಲ್ಲಿ ನಿಮ್ಮ ಅಗತ್ಯ ಜಾಸ್ತಿ.

ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ, ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ಅಂಕ ಅರ್ಧ. ‘ಸಿಇಟಿ ಚೆನ್ನಾಗಿ ಮಾಡಿದರೆ ಸಾಕು’ ಅನ್ನುವವನಿಗೆ ಇದನ್ನು ಮೊದಲೇ ಹೇಳಿ. ಯಾವ ಸೀಟು ಎಷ್ಟಕ್ಕೆ ನಿಂತಿತ್ತು ಅಂತ ತೋರಿಸುವ ಹೋದ ವರ್ಷದ ಕಟಾಫ್ ಪಟ್ಟಿಯನ್ನು, ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಿಂದ ತೆಗೆದು ಓದಲು ಕಲಿಸಿ. 2ಎಜಿ, 2ಎಕೆ, 2ಎಆರ್ ಅಂತ ಕಾಲಂಗಳಿರುತ್ತವೆ. 2ಎ ಅಂದರೆ ಹಿಂದುಳಿದ ವರ್ಗಗಳ ಒಂದು ಗುಂಪು. ಕೊನೆಯ ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡದಲ್ಲಿ ಓದಿದವರಿಗೆ ಶೇ 5 ಮೀಸಲು. ಹತ್ತೂ ವರ್ಷ ಇರಬೇಕು. ಪ್ರಮಾಣಪತ್ರಕ್ಕೆ ಹೆಡ್‌ಮೇಷ್ಟ್ರ ಸಹಿ ಆದಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿಯೂ ಬೇಕು. ಅರ್ಜಿಯಲ್ಲಿ ತುಂಬಬೇಕಾದ ಜಾತಿ ಆದಾಯ ಪತ್ರದ ಆರ್‌ಡಿ ನಂಬರ್‌ಗೆ ನಾಡಕಚೇರಿಗೆ ಹೋಗಬೇಕು. ಕೊನೆ ವಾರದ ಕ್ಯೂ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಡಿಸೆಂಬರ್‌ನಲ್ಲೇ ಮಾಡಿಸಿ.

ಬೇಕಾದ ಕಾಲೇಜು, ಕೋರ್ಸು ಸಾಲಾಗಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ‘ಇದು ಸಿಗಬಹುದು’ ಅನ್ನುವುದನ್ನು ಮೇಲೆ ಹಾಕುತ್ತಾರೆ, ನಿಜವಾಗಿ ಬೇಕಾದ್ದನ್ನು ಕೆಳಗೆ. ಕಂಪ್ಯೂಟರ್ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತದೆ. ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಟ್ಟು ಅಲ್ಲೇ ನಿಲ್ಲುತ್ತದೆ. ಮೇಲೆ ಆಸೆಯದನ್ನು ಬರೆದರೆ ಕೆಳಗಿನದೇನೂ ಕೈತಪ್ಪುವುದಿಲ್ಲ. ನಿಜವಾದ ಸೀಟು ಹಂಚಿಕೆಗೆ ಮುಂಚೆ ಅಣಕು ಹಂಚಿಕೆ ಬಂದಾಗ ನೋಡಿ ತಿದ್ದಿಕೊಳ್ಳಲಿ. ಸೀಟು ಬಂದ ಮೇಲೆ ಚಾಯ್ಸ್ 1 ಅಂದರೆ ಇದೇ ಸಾಕು, ಸೇರುತ್ತೇನೆ. ಚಾಯ್ಸ್ 2, ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಕೊಡಿ. ಚಾಯ್ಸ್ 3, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್ 4, ಆಟವೇ ಬೇಡ. 2 ಮತ್ತು 3ರ ವ್ಯತ್ಯಾಸ ತಿಳಿಯದೆ ಕೈಯಲ್ಲಿದ್ದ ಸೀಟು ಬಿಟ್ಟವರಿದ್ದಾರೆ. ಪಾಸ್‌ವರ್ಡ್ ಸೈಬರ್‌ನವನ ಹತ್ತಿರ ಇರಬಾರದು, ಓಟಿಪಿ ಬರುವ ಫೋನು ಮನೆಯದೇ ಆಗಿರಬೇಕು.

ಪ್ರಶ್ನೆ: ಮಾಲೂರಿನಿಂದ ಒಬ್ಬ ತಾಯಿ ಬರೆಯುತ್ತಿದ್ದೇನೆ. ಮಗಳಿಗೆ ನೀಟ್‌ನಲ್ಲಿ ಮೆಡಿಕಲ್ ಸೀಟು ಬರುವಷ್ಟು ಅಂಕ ಬಂದಿಲ್ಲ. ಇನ್ನೊಂದು ವರ್ಷ ಕೂತು ಓದುವ ಲಾಂಗ್ ಟರ್ಮ್ ಕೋಚಿಂಗ್‌ಗೆ ಕಳಿಸಿ ಅಂತ ಹಟ ಮಾಡುತ್ತಿದ್ದಾಳೆ. ಫೀಸು ಹೊಂದಿಸುವುದೇ ಕಷ್ಟ. ‘ಒಂದು ವರ್ಷ ಸುಮ್ನೆ ಹಾಳು, ಮದುವೆ ಮಾಡಿ’ ಅನ್ನುವವರೂ ಇದ್ದಾರೆ.

ಉತ್ತರ: ಮದುವೆಯ ಮಾತನ್ನು ಈ ಲೆಕ್ಕದಿಂದ ಹೊರಗಿಡಿ ಅಮ್ಮ. ಸಲಹೆ ಕೊಡುವವರು ಫೀಸು ಕಟ್ಟುವುದಿಲ್ಲ.

ಮಗಳ ಜೊತೆ ಒಂದು ಸಂಜೆ ಕೂತು ಲೆಕ್ಕ ಹಾಕಿ. ನಿಮ್ಮ ಕೆಟಗರಿಯಲ್ಲಿ ಹೋದ ವರ್ಷ ಸರ್ಕಾರಿ ಕಾಲೇಜಿನ ಕೊನೆಯ ಸೀಟು ಎಷ್ಟಕ್ಕೆ ನಿಂತಿತ್ತು ನೋಡಿ. ಒಂದು ಸರಿ ಉತ್ತರಕ್ಕೆ 4 ಅಂಕ. ಅವಳಿಗೆ 200 ಅಂಕ ಕಡಿಮೆ ಇದ್ದರೆ, 180 ಪ್ರಶ್ನೆಯಲ್ಲಿ ಇನ್ನೂ 50 ಸರಿ ಮಾಡಬೇಕು. ತಪ್ಪಿಗೆ ಒಂದೊಂದು ಅಂಕ ಹೋಗುವುದು ಬೇರೆ. ಆ ಪ್ರಶ್ನೆಗಳು ಯಾವ ಪಾಠದಿಂದ ಬರುತ್ತವೆ ಅಂತ ಅವಳೇ ತೋರಿಸಲಿ. ‘ಫಿಸಿಕ್ಸ್‌ನಲ್ಲಿ ಇಷ್ಟು ಪಾಠ ಮುಟ್ಟಿರಲೇ ಇಲ್ಲ’ ಅಂದರೆ ಒಂದು ವರ್ಷಕ್ಕೆ ಅರ್ಥವಿದೆ. ‘ಎಲ್ಲ ಓದಿದ್ದೆ, ಆದರೂ ಬರಲಿಲ್ಲ’ ಅಂದರೆ ಎರಡು ಸಲ ಯೋಚಿಸಿ. ಎರಡನೇ ಲಾಂಗ್ ಟರ್ಮ್‌ಗೆ ಮಾತ್ರ ನಾನು ಯಾರಿಗೂ ಹೂಂ ಅಂದವಳಲ್ಲ.

ಅವಳು ಸಿಇಟಿ ಬರೆದಿದ್ದರೆ ಆ ರ‍್ಯಾಂಕನ್ನು ಹೊರಗೆ ತೆಗೆಯಿರಿ. ಹೆಬ್ಬಾಳದ ಪಶುವೈದ್ಯ ಕಾಲೇಜು, ಅಗ್ರಿ, ತೋಟಗಾರಿಕೆ, ನರ್ಸಿಂಗ್ ಎಲ್ಲ ಅದರಲ್ಲಿ ಬರುತ್ತವೆ. ಹಸು ಕಟ್ಟದ ಮನೆ ನಮ್ಮ ಕಡೆ ಕಡಿಮೆ, ಆದರೂ ದನದ ಡಾಕ್ಟರ್ ಅಂದರೆ ಹುಡುಗಿಯರು ಮೂಗು ಮುರಿಯುತ್ತಾರೆ. ನನಗೆ ಇದು ಇವತ್ತಿಗೂ ಅರ್ಥವಾಗಿಲ್ಲ.

ಪ್ರಶ್ನೆ: ನಾನು ಪಾವಗಡದ ವಿದ್ಯಾರ್ಥಿನಿ. ಆರ್ಟ್ಸ್‌ನಲ್ಲಿ 84 ಪರ್ಸೆಂಟ್ ಬಂದಿದೆ. ಕೆಎಎಸ್ ಮಾಡುವ ಆಸೆ. ‘ಬಿಎ ಮಾಡಿದರೆ ಏನೂ ಇಲ್ಲ’ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ ಮೇಡಂ?

ಉತ್ತರ: ಕೆಎಎಸ್‌ಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ ಮಗು. 21 ತುಂಬಿರಬೇಕು. 2024ರಿಂದ ರಾಜ್ಯದಲ್ಲಿ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಹಾಗಾಗಿ ವಯಸ್ಸೂ ಸರಿಹೋಗುತ್ತದೆ. ಆದರೆ ಆ ಪರೀಕ್ಷೆಗೆ ಯಾವಾಗ ಅರ್ಜಿ ಕರೆಯುತ್ತಾರೆ ಅಂತ ಯಾರೂ ಹೇಳಲಾರರು. ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಡಿಗ್ರಿ ಆದಮೇಲೆ ಎರಡು ವರ್ಷ ಬಿಎಡ್ ಮಾಡಿದರೆ ಹೈಸ್ಕೂಲಿಗೆ ದಾರಿಯಿದೆ. ವಾದ ಮಾಡುವುದು ಇಷ್ಟ ಅಂದರೆ ಪಿಯುಸಿ ಆದಮೇಲೆ ನೇರ ಐದು ವರ್ಷದ ಬಿಎ ಎಲ್‌ಎಲ್‌ಬಿ ಇದೆ. ಅದು ಮುಗಿಸಿಯೂ ಕೆಎಎಸ್ ಬರೆಯಬಹುದು. ನಾನು ನಿನ್ನ ಜಾಗದಲ್ಲಿದ್ದರೆ ಅದನ್ನೇ ಮೊದಲು ನೋಡುತ್ತಿದ್ದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ. ಒಂದು ಮಧ್ಯಾಹ್ನ ಹೋಗಿ ಕ್ಲಾಸು ನಡೆಯುತ್ತಿದೆಯಾ, ಲೈಬ್ರರಿಯಲ್ಲಿ ಯಾರಾದರೂ ಕೂತಿದ್ದಾರಾ ನೋಡು. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ದಿನಾ ಓಡಾಡಿ ಓದುವ ದೂರವಲ್ಲ. ಹಿಂದುಳಿದ ವರ್ಗಗಳ ಇಲಾಖೆಯದ್ದೋ ಸಮಾಜ ಕಲ್ಯಾಣ ಇಲಾಖೆಯದ್ದೋ ಹಾಸ್ಟೆಲ್ ಸಿಗಬಹುದು, ಅರ್ಜಿ ಆನ್‌ಲೈನ್‌ನಲ್ಲೇ. ಹಾಸ್ಟೆಲ್ ಸಿಗುತ್ತಾ ಅಂತ ಮೊದಲು ವಿಚಾರಿಸಿಕೋ, ಕಾಲೇಜಿನ ಮಾತು ಆಮೇಲೆ.