310 ಮೀಟರ್ ಅಂತ ನಂಬಿ ಟವರ್ ಕೆಲಸ ಶುರು ಮಾಡಬೇಡಿ

ನಮ್ಮ ಜಾಗ ಎಎಸ್‌ಐ (ಕೇಂದ್ರದ ಪುರಾತತ್ವ ಇಲಾಖೆ) ರಕ್ಷಣೆಯ ಗುಡಿಯಿಂದ 310 ಮೀಟರ್ ದೂರ ಇದೆ, ಪುರಾತತ್ವದ ಸರ್ವೆ ಬಿಟ್ಟು ಮೊಬೈಲ್ ಟವರ್ ಕೆಲಸ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಒಂಬತ್ತು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿದ್ದೆ. ನನ್ನದು 318 ಮೀಟರ್.

ಆಗ ಕೊಪ್ಪಳದ ಕಡೆ ಒಂದು ಟವರ್ ಕಂಪನಿಗೆ ಜಾಗ ಹುಡುಕಿಕೊಡುತ್ತಿದ್ದೆ. ಊರ ಹೊರಗೆ ಒಂದು ಹಳೇ ಗುಡಿ, ಕೇಂದ್ರದ ರಕ್ಷಣೆಯಲ್ಲಿತ್ತು. ಅದರಾಚೆ ಒಬ್ಬ ರೈತರ ಹೊಲ. ತಿಂಗಳ ಬಾಡಿಗೆ ಬರುತ್ತದೆ ಅಂತ ಅವರು ಖುಷಿಯಿಂದ ಒಪ್ಪಿದರು. ನಾನು ಮೊಬೈಲ್ ಮ್ಯಾಪಿನಲ್ಲಿ ಗುಡಿಯ ಗೋಡೆಯಿಂದ ಹೊಲಕ್ಕೆ ಗೆರೆ ಎಳೆದೆ. ಸ್ಮಾರಕದ ಸುತ್ತ 100 ಮೀಟರ್ ಹೊಸದಾಗಿ ಕಟ್ಟುವಂತಿಲ್ಲದ ನಿಷೇಧಿತ ಜಾಗ, ಅದರಾಚೆ 200 ಅನುಮತಿ ಬೇಕಾದ ನಿಯಂತ್ರಿತ ಜಾಗ, ಒಟ್ಟು 300. ನಾವು ದಾಟಿದ್ದೇವೆ ಅಂತ ರಿಪೋರ್ಟ್ ಬರೆದು ಕಳಿಸಿಬಿಟ್ಟೆ.

ತಪ್ಪಾಗಿದ್ದು ಆ ಗೆರೆಯಲ್ಲಿ. ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಈಗಲೂ ಜಾಸ್ತಿ ಜನ ಹೀಗೇ ಅಳೆಯುತ್ತಾರೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರಲ್ಲಿ ಅಳತೆ ಶುರುವಾಗುವುದು ಸಂರಕ್ಷಿತ ಜಾಗದ ಗಡಿಯಿಂದ. ಗೋಡೆಯಿಂದಲ್ಲ, ಗೋಪುರದಿಂದಲ್ಲ, ಮ್ಯಾಪಿನ ಗುರುತಿನಿಂದಂತೂ ಅಲ್ಲವೇ ಅಲ್ಲ. ಆ ಗುಡಿಯ ಹಿಂದೆ ಜಾಲಿ ಬೆಳೆದು ಮುಚ್ಚಿಹೋದ ಕಲ್ಯಾಣಿ ಇತ್ತು, ಬಿದ್ದ ಮಂಟಪ ಇತ್ತು. ಎಲ್ಲಾ ಸಂರಕ್ಷಿತ ಸರ್ವೆ ನಂಬರಿನೊಳಗೇ! ಹೊಲದ ಕಡೆಗೆ ಗಡಿ 230 ಮೀಟರ್ ಚಾಚಿಕೊಂಡಿತ್ತು. 318ರಲ್ಲಿ 230 ಕಳೆಯಿರಿ, 88. ಅಂದ್ರೆ ನಿಷೇಧಿತ 100 ಮೀಟರಿನೊಳಗೆ. ನಿಯಂತ್ರಿತ ಜಾಗವಾಗಿದ್ದರೆ ಅನುಮತಿಗೆ ಅರ್ಜಿ ಹಾಕಬಹುದಿತ್ತು. ನಿಷೇಧಿತ ಜಾಗದಲ್ಲಿ ಹೊಸ ಟವರಿಗೆ ಆ ದಾರಿಯೂ ಇಲ್ಲ. ಕಟ್ಟಿದವರಿಗೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಬುನಾದಿಗೆ ಕಾಂಕ್ರೀಟ್ ಹಾಕಿದ ನಾಲ್ಕನೇ ದಿನ ನೋಟಿಸ್ ಬಂತು. ಕಂಪನಿ ಬೇರೆ ಊರು ನೋಡಿಕೊಂಡಿತು. ರೈತರು ಮಾತ್ರ ಟವರಿಗೆ ಅಂತ ಫಲ ಬಿಡುತ್ತಿದ್ದ ದಾಳಿಂಬೆ ಗಿಡ ಕಿತ್ತಿದ್ದರು. ಒಂದು ತಿಂಗಳ ಬಾಡಿಗೆಯೂ ಅವರಿಗೆ ಸಿಗಲಿಲ್ಲ. ಅವರ ಜಗುಲಿಯ ಮೇಲೆ ಕೂತು ಅದನ್ನು ಹೇಳಿದ್ದು ನಾನೇ. ಅವರು ಬೈಯಲಿಲ್ಲ, ನೀರು ಕೊಟ್ಟರು.

ಅದಕ್ಕೇ ಹೇಳುತ್ತೇನೆ, ಸರ್ವೆ ಬಿಡಬಹುದಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ನಿಮ್ಮ ಜಾಗ ಎಷ್ಟು ದೂರ ಅನ್ನುವುದೇ ನಿಮಗಿನ್ನೂ ಗೊತ್ತಿಲ್ಲ, ಅಲ್ವಾ? ಸ್ಮಾರಕದ ಅಧಿಸೂಚನೆ, ಸಂರಕ್ಷಿತ ಜಾಗದ ನಕ್ಷೆ ತೆಗೆಸಿ. ಸರ್ವೆಯರ್ ಕರೆಸಿ ಗಡಿಯಿಂದ ಅಳೆಸಿ. ಟವರ್ ಅಂದ್ರೆ ಕಟ್ಟಡ ಅಲ್ಲ ಅಂತ ಕಾಂಟ್ರಾಕ್ಟರ್ ಹೇಳಿದರೆ ಕೇಳಬೇಡಿ. ಕಾಯ್ದೆ ಕಟ್ಟಡದ ಜೊತೆಗೆ ಯಾವುದೇ ರಚನೆಯನ್ನೂ ಸೇರಿಸಿದೆ.

300 ದಾಟಿದರೂ ಕುರಿ ಕಾಯುವವರೊಬ್ಬರ ಜೊತೆ ಹೊಲ ಸುತ್ತಿ ಬನ್ನಿ. ಟವರಿನ ಬುಡವಷ್ಟೇ ಅಲ್ಲ, ಜೆಸಿಬಿ ಬರುವ ದಾರಿ, ಕೇಬಲ್ ಕಾಲುವೆ, ಅರ್ತಿಂಗ್ ಗುಂಡಿ ಎಲ್ಲಾ ನೋಡಿ. ಪಟ್ಟಿಯಲ್ಲಿಲ್ಲದ ವೀರಗಲ್ಲು, ಬೂದಿ ದಿಬ್ಬ ನಮ್ಮ ಕಡೆ ಬೇಕಾದಷ್ಟಿವೆ. ಬಳ್ಳಾರಿ ಹತ್ತಿರ ಕುಡತಿನಿಯ ದಿಬ್ಬವನ್ನು ಜನ ರಾಕ್ಷಸನನ್ನು ಸುಟ್ಟ ಬೂದಿ ಅನ್ನುತ್ತಿದ್ದರು. ಅದು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ. ಗೊತ್ತಿಲ್ಲದವರಿಗೆ ಬರೀ ಮಣ್ಣು, ಜೆಸಿಬಿಗೆ ಅರ್ಧ ದಿನದ ಕೆಲಸ.

ಗಡಿಯಿಂದ ಅಳೆಸಿದ ಮೇಲೆ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಹೊಲದವರಿಗೆ ಬೆಳೆ ಕೀಳಲು ಹೇಳಬೇಡಿ.