ನಾಲ್ಕು ದನ ಇದ್ದರೆ ಗೋಬರ್ ಗ್ಯಾಸ್ ಕಟ್ಟಿಸಿ

ಮನೆ ಬಾಗಿಲಿಗೇ ಸಿಲಿಂಡರ್ ಬರುವಾಗ ಈಗ್ಯಾಕೆ ಗೋಬರ್ ಗ್ಯಾಸ್ ಅಂತ ಕೇಳಿದ್ದೀರಿ. ಕೊಟ್ಟಿಗೆಯಲ್ಲಿ ನಾಲ್ಕು ದನ ಇವೆ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಕಟ್ಟಿಸಿ.

ಆ ಸಿಲಿಂಡರಿನೊಳಗಿನ ಗ್ಯಾಸ್ ಎಲ್ಲಿಂದ ಬರುತ್ತದೆ ನೋಡಿ. 2023-24ರಲ್ಲಿ ದೇಶ ಬಳಸಿದ್ದು ಸುಮಾರು 3 ಕೋಟಿ ಟನ್ ಎಲ್‌ಪಿಜಿ. ಇಲ್ಲೇ ತಯಾರಾದದ್ದು 1.3 ಕೋಟಿ ಟನ್ನಿನ ಹತ್ತಿರ. ಉಳಿದದ್ದೆಲ್ಲ ಹಡಗಿನಲ್ಲಿ ಬಂತು. ಬಹುಪಾಲು ಕತಾರ್, ಯುಎಇ, ಕುವೈತ್, ಸೌದಿ ಕಡೆಯದು. ಆ ಹಡಗುಗಳಲ್ಲಿ ಹೆಚ್ಚಿನವು ಇರಾನ್ ಪಕ್ಕದ ಇಕ್ಕಟ್ಟಾದ ಹಾರ್ಮುಜ್ ಜಲಸಂಧಿ ದಾಟಿಯೇ ಬರಬೇಕು. ಅಲ್ಲಿ ಜಗಳ ಎದ್ದರೆ ನಮ್ಮ ಅಡುಗೆಮನೆಗೆ ತಾಗುತ್ತದೆ ಅಲ್ವಾ? 2016ರಲ್ಲಿ ಬಡ ಮನೆಗಳಿಗೆ ಗ್ಯಾಸ್ ಕನೆಕ್ಷನ್ ಕೊಡುವ ಉಜ್ವಲ ಯೋಜನೆ ಶುರುವಾಗಿ ಕೋಟಿಗಟ್ಟಲೆ ಹೆಂಗಸರಿಗೆ ಹೊಗೆಯ ಕಾಟ ಕಡಿಮೆಯಾಯಿತು. ಅದು ದೊಡ್ಡ ಕೆಲಸವೇ. ಆದರೆ ಒಲೆಗಳು ಹೆಚ್ಚಿದಷ್ಟು ನಮ್ಮ ಸ್ವಂತ ಗ್ಯಾಸ್ ಹೆಚ್ಚಲಿಲ್ಲ.

ಕಚ್ಚಾ ತೈಲಕ್ಕಾದರೆ ಮಂಗಳೂರು, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ತುರ್ತು ಸಂಗ್ರಹ ಇದೆ. ಎರಡೂ ಸೇರಿ 40 ಲಕ್ಷ ಟನ್ ಹಿಡಿಯುತ್ತವೆ. ಅಡುಗೆ ಅನಿಲಕ್ಕೆ ಅಷ್ಟು ದೊಡ್ಡದಿಲ್ಲ. 2025ರಲ್ಲಿ ಮಂಗಳೂರಿನಲ್ಲೇ ಸರ್ಕಾರಿ ತೈಲ ಕಂಪನಿ ಎಚ್‌ಪಿಸಿಎಲ್‌ನ ಎಲ್‌ಪಿಜಿ ಗುಹೆ ಸಿದ್ಧವಾಯಿತು, ಈ ಬಗೆಯದರಲ್ಲಿ ದೇಶಕ್ಕೇ ದೊಡ್ಡದು. ಅದು ಹಿಡಿಯುವುದು 80 ಸಾವಿರ ಟನ್. ದೇಶದ ಒಂದೇ ದಿನದ ಖರ್ಚು ಹೆಚ್ಚುಕಡಿಮೆ ಅಷ್ಟಿದೆ! ಈ ಲೆಕ್ಕ ನೋಡಿದಾಗ ನನಗೆ ನಿಜಕ್ಕೂ ಗಾಬರಿಯಾಯಿತು.

ಈಗ ನಿಮ್ಮ ಮನೆಯ ಲೆಕ್ಕ. ನಾಲ್ಕೈದು ಜನರಿಗೆ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು ಮಾದರಿ (ನೆಲದಡಿ ಗುಮ್ಮಟದಂತೆ ಕಟ್ಟುವುದು) ಸಾಕು. ಅದಕ್ಕೆ ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಅಂದರೆ 430 ಗ್ರಾಂ ಎಲ್‌ಪಿಜಿಗೆ ಸಮ. ಪೂರ್ತಿ ಗ್ಯಾಸ್ ಬಂದರೆ ತಿಂಗಳಿಗೆ ಎರಡು ಸಿಲಿಂಡರಿನ ಹತ್ತಿರ ಬಂತು. ಆದರೆ ದನ ಬಯಲಿಗೆ ಮೇಯಲು ಹೋಗುವುದಾದರೆ ಕೊಟ್ಟಿಗೆಯಲ್ಲಿ ಸಿಗುವುದು ಅರ್ಧ ಸಗಣಿ ಮಾತ್ರ. ಆಗ ಸಣ್ಣದೇ ಕಟ್ಟಿಸಿ. ದೊಡ್ಡದು ಕಟ್ಟಿಸಿ ಅರೆಹೊಟ್ಟೆ ಇಟ್ಟರೆ ಗ್ಯಾಸೂ ಇಲ್ಲ, ದುಡ್ಡೂ ದಂಡ.

ಜಾಗ ಬಿಸಿಲಿರುವಲ್ಲಿ ನೋಡಿ, ಬಾವಿಯಿಂದ ದೂರ ಇರಲಿ, ಮಳೆಗಾಲದಲ್ಲಿ ಒರತೆ ಏಳುವ ಕಡೆ ಬೇಡ. ಪೈಪಿಗೆ ಇಳಿಜಾರು ಕೊಟ್ಟು ತಗ್ಗಿನಲ್ಲಿ ನೀರು ತೆಗೆಯುವ ನಲ್ಲಿ ಇಡಿಸಿ. ಫಿನೈಲ್, ಸೋಪಿನ ನೀರು ಒಳಗೆ ಹೋಗಲೇಬಾರದು. ಮೊದಲು ಬರುವ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ. ಅದನ್ನು ಹಚ್ಚದೆ ಹೊರಗೆ ಬಿಡಿ. ಗುಂಡಿಯೊಳಗೆ ಯಾರೂ ಇಳಿಯಕೂಡದು, ಜೀವಕ್ಕೇ ಅಪಾಯ.

ಗ್ಯಾಸ್ ಬಿಟ್ಟ ಮೇಲೆ ಹೊರಬರುವ ಸಗಣಿ ನೀರನ್ನು, ಅಂದರೆ ಸ್ಲರಿಯನ್ನು, ಸುಮ್ನೆ ಚರಂಡಿಗೆ ಬಿಡಬೇಡಿ. ಯೂರಿಯಾ ತಯಾರಾಗುವುದೂ ನೈಸರ್ಗಿಕ ಅನಿಲದಿಂದಲೇ, ದೇಶ ಬಳಸುವ ಆ ಅನಿಲದಲ್ಲಿ ಅರ್ಧದಷ್ಟು ಹೊರಗಿನದು. ಸ್ಲರಿಯನ್ನು ದರಕು (ಉದುರಿದ ಒಣ ಎಲೆ), ಸೋಗೆ ಜೊತೆ ಕೊಳೆಸಿ ತೋಟಕ್ಕೆ ಹಾಕಿದರೆ ಯೂರಿಯಾ ಚೀಲವೂ ಒಂದಷ್ಟು ಉಳಿಯುತ್ತದೆ.

ಸಿಲಿಂಡರ್ ಕನೆಕ್ಷನ್ ಮಾತ್ರ ವಾಪಸ್ ಕೊಡಬೇಡಿ. ಮಳೆಗಾಲದ ಚಳಿಗೆ ಗ್ಯಾಸ್ ಕಡಿಮೆಯಾಗುತ್ತದೆ, ನೆಂಟರು ಬಂದರಂತೂ ಸಾಲುವುದಿಲ್ಲ. ದನ ಕಟ್ಟಿ ಮೇಯಿಸುತ್ತೀರೋ, ಬಿಡುತ್ತೀರೋ, ಕೊಟ್ಟಿಗೆಯಿಂದ ಅಡುಗೆಮನೆಗೆ ಎಷ್ಟು ದೂರ, ಇಷ್ಟು ತಿಳಿಸಿ. ಅಳತೆ ಲೆಕ್ಕ ಹಾಕಿ ಇಲ್ಲೇ ಬರೆಯುತ್ತೇನೆ.